ಕೂಗದೆ ಹತ್ತಿದ ಮರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಈ ಗಾದೆ ಮಾಡಿದ ಪುಣ್ಯಾತ್ಮರು ಬೆಂಗಳೂರಿನ ಅಂಚಿನಲ್ಲಿರುವ ದೊಡ್ಡವರ ಲೇಔಟುಗಳಲ್ಲಿ ಬಾಡಿಗೆ ಮನೆ ಹುಡುಕಿದವರಲ್ಲ. ಹುಡುಕಿದ್ದರೆ ಗಾದೆಗೆ ಇನ್ನೊಂದು ತುಂಡು ಸೇರುತ್ತಿತ್ತು. ಶೃಂಗೇರಿ ಕಡೆಯ ನಾರ್ವೆ ಎಂಬ ಹಳ್ಳಿಯ ತಿಮ್ಮಪ್ಪನಿಗೆ ಅಂಥ ಜಾಗದಲ್ಲಿ ಮನೆ ಸಿಕ್ಕಿತು, ಅದೂ ಹುಡುಕದೆ. ಸಿಕ್ಕಿದ್ದನ್ನು ಉಳಿಸಿಕೊಳ್ಳುವಷ್ಟರಲ್ಲಿ ಮಾತ್ರ ಅವನಿಗೆ ಸಾಕೋಸಾಕಾಯಿತು.

ತಿಮ್ಮಪ್ಪ ಕೊನೆಗಾರ. ಕಾಲಿಗೆ ಹಗ್ಗದ ತಳೆ ಸಿಕ್ಕಿಸಿಕೊಂಡು ಅಡಿಕೆ ಮರ ಏರುವುದು, ಬಲಿತ ಗೊನೆ, ಅವರ ಮಾತಿನಲ್ಲಿ ಕೊನೆ, ಕೊಯ್ದು ಕೆಳಗೆ ಬಿಡುವುದು, ಮಳೆಗಾಲದಲ್ಲಿ ಔಷಧಿ ಹೊಡೆಯುವುದು ಅವನ ಕಸುಬು. ಹದಿನಾರನೇ ವಯಸ್ಸಿಗೆ ಸೋದರಮಾವ ಧರ್ಮಪ್ಪನ ಹಿಂದೆ ಮರ ಹತ್ತಿದವನು, ಈಗ ನಲವತ್ತಾರು. ಒಂದು ಮರದ ತುದಿಯಲ್ಲಿ ಕೂತು, ತೂಗಿಕೊಂಡು, ಪಕ್ಕದ ಮರಕ್ಕೆ ಕೈ ಹಾಕಿ, ನೆಲ ಮುಟ್ಟದೆ ಹತ್ತು ಮರ ದಾಟುತ್ತಿದ್ದ. ಇವರು ಇಳಿಯೋದು ಉಣ್ಣಲಿಕ್ಕೆ ಮಾತ್ರ ಎಂದು ಹೆಂಡತಿ ಸರೋಜ ಕಂಡವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳುವುದರಲ್ಲಿ ಸಿಟ್ಟೂ ಇತ್ತು. ಸುಗ್ಗಿ ಶುರುವಾದರೆ ಅವನು ಒಂದು ವಾರ ಹರಿಹರಪುರದ ತೋಟ, ಇನ್ನೊಂದು ವಾರ ಶೃಂಗೇರಿ ಕಡೆ, ಅಲ್ಲಿಂದ ಎನ್.ಆರ್. ಪುರ. ಕೆಲಸ ಇದ್ದಲ್ಲೇ ಊಟ, ಅಲ್ಲೇ ನಿದ್ದೆ. ಮದುವೆಯಾಗಿ ಇಪ್ಪತ್ತೊಂದು ವರ್ಷವಾದರೂ ಗಂಡ ಹೆಂಡತಿ ಒಂದೇ ಸೂರಿನಡಿ ಪೂರ್ತಿ ಒಂದು ವರ್ಷ ಕಳೆದದ್ದಿಲ್ಲ. ಮಗಳು ಚೈತ್ರ ಹುಟ್ಟಿದ್ದೂ ಅವನಿಗೆ ಮರದ ಮೇಲೆಯೇ ತಿಳಿಯಿತು. ಆ ಹುಡುಗಿ ಈಗ ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

ಆಮೇಲೆ ಫೈಬರ್ ದೋಟಿ ಬಂತು. ಉದ್ದದ ಹಗುರ ಕೋಲು, ತುದಿಗೆ ಕತ್ತಿ. ನೆಲದ ಮೇಲೆ ನಿಂತೇ ಕೊನೆ ಎಳೆಯಬಹುದು. ಮರ ಹತ್ತಲು ಅಂಜುವವರೂ ಕೊನೆಗಾರರಾದರು. ತೋಟದವರನ್ನು ಬೈದು ಪ್ರಯೋಜನವಿಲ್ಲ, ಜನ ಸಿಗದಿದ್ದಾಗ ಅವರಾದರೂ ಏನು ಮಾಡಬೇಕು? ತಿಮ್ಮಪ್ಪ ಬೈಯಲೂ ಇಲ್ಲ. ಆದರೆ ಕರೆ ಕಡಿಮೆಯಾಯಿತು. ಒಂದು ಕಾಲಕ್ಕೆ ಅವನ ದಿನ ಸಿಗಲು ಕಾಯುತ್ತಿದ್ದ ತೋಟಗಳಿಗೆ ಈಗ ಅವನೇ ಫೋನ್ ಮಾಡಿ ಕೇಳಬೇಕಾಯಿತು.

ಅಂಥ ಹೊತ್ತಿನಲ್ಲಿ ಸೀತೂರಿನ ಒಂದು ತೋಟದಲ್ಲಿ ನೀಲಾಂಬಿಕೆ ಅವನನ್ನು ನೋಡಿದರು. ಆ ತೋಟ ಅವರ ಅಣ್ಣನದು. ಅವರಿರುವುದು ಬೆಂಗಳೂರಿನ ಪೂರ್ವಕ್ಕೆ, ದೊಡ್ಡ ಲೇಔಟೊಂದರಲ್ಲಿ. ಇಂಜಿನಿಯರ್ ಆಗಿದ್ದ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ತಲೆಯೆತ್ತಿ ತಿಮ್ಮಪ್ಪ ಮರದಿಂದ ಮರಕ್ಕೆ ದಾಟುವುದನ್ನೇ ನೋಡುತ್ತ ನಿಂತರು. ಅವನು ಕೆಳಗಿಳಿದ ಕೂಡಲೇ ಕೇಳಿದರು:

"ತಿಮ್ಮಪ್ಪ, ನಮ್ಮ ಲೇಔಟಿನ ರಸ್ತೆ ತುಂಬ ಇಂಥವೇ ಮರ. ಅಡಿಕೆ ಅಲ್ಲ, ಅದರ ದೊಡ್ಡಣ್ಣ, ಅಂದಕ್ಕೆ ನೆಟ್ಟ ಪಾಮ್. ಒಣಗಿದ ಸೋಗೆ ಕಾರಿನ ಮೇಲೆ ಬೀಳ್ತದೆ ಅಂತ ದಿನಾ ಜಗಳ. ಹತ್ತುವ ಒಬ್ಬ ಮನುಷ್ಯ ಸಿಕ್ಕಿಲ್ಲ. ಬರ್ತೀಯ?"

"ಉಳಿಯೋದೆಲ್ಲಿ ಅಮ್ಮ?"

"ನನ್ನ ಮನೆ ಹಿಂದೆ ಎರಡು ಕೋಣೆ ಅದಾವೆ. ಡ್ರೈವರಿಗೆ ಅಂತ ಕಟ್ಸಿದ್ದು, ಖಾಲಿ ಬಿದ್ದಾವೆ. ಸುಮ್ನೆ ಇರು."

ತಿಮ್ಮಪ್ಪ ಸುಮ್ಮನೆ ಇರಲು ಒಪ್ಪಲಿಲ್ಲ. "ಪುಕ್ಕಟೆ ಇದ್ರೆ ನಿಮ್ಮ ಮನೆ ಆಳಾಗ್ತೀನಿ ಅಮ್ಮ. ಬಾಡಿಗೆ ಕೊಟ್ರೆ ನನ್ನ ಮನೆ ಆಗ್ತದೆ. ಹಂಗಾದ್ರೆ ಸರೋಜನ್ನೂ ಕರ್ಕೊಂಡು ಬರ್ತೀನಿ," ಎಂದ. ನೀಲಾಂಬಿಕೆಗೆ ಆ ಮಾತು ಹಿಡಿಸಿತು. ಅವನ ಹೆಸರಿನಲ್ಲೇ ಕರಾರು ಪತ್ರ ಆಯಿತು. ಪತ್ರದ ಕೊನೆಗೆ ಲೇಔಟಿನ ನಿವಾಸಿಗಳ ಸಂಘದವರು ಒಂದು ಸಾಲು ಸೇರಿಸಿದರು: ನಿವಾಸಿಗಳಿಂದ ಗಂಭೀರ ದೂರು ಬಂದರೆ ಬಾಡಿಗೆದಾರ ಒಂದು ವಾರದಲ್ಲಿ ಮನೆ ಬಿಡಬೇಕು. ತಿಮ್ಮಪ್ಪ ಓದಿ, ತಲೆಯಾಡಿಸಿ, ಸಹಿ ಹಾಕಿದ. ತನ್ನ ಮೇಲೆ ದೂರು ಯಾಕೆ ಬಂದೀತು ಎಂಬುದು ಅವನ ಧೈರ್ಯ.

ಲೇಔಟಿಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಅದು ಸರೋಜಳ ಬಾಯಿಗೆ ಬರದೆ ಕೊನೆಗೆ ಲೇಔಟ್ ಎಂದೇ ಉಳಿಯಿತು. ಎಲ್ಲ ಮನೆಯೂ ಬಿಳಿ, ಎಲ್ಲದರ ಮುಂದೆಯೂ ಕತ್ತರಿಸಿದ ಹುಲ್ಲು, ಮನೆಗಳ ಮಧ್ಯೆ ಬೇಲಿಯಿಲ್ಲ. ಬೇಲಿ ಇಲ್ಲದ ಮೇಲೆ ಜನ ಹೋಗಿಬಂದು ಮಾಡುತ್ತಾರೆ ಎಂದುಕೊಂಡಿದ್ದಳು ಆಕೆ. ಮೊದಲ ವಾರ ಕೆಸುವಿನ ಪತ್ರೊಡೆ ಮಾಡಿ ಪಕ್ಕದ ಮನೆಯ ಬೆಲ್ ಒತ್ತಿದರೆ, ಗೋಡೆಯಲ್ಲಿದ್ದ ಡಬ್ಬಿಯೊಂದು "ಯಾರು?" ಎಂದಿತು. ಹೇಳಿದಳು. ಗೇಟಿನಲ್ಲಿ ಕೊಟ್ಟು ಹೋಗಿ ಎಂದಿತು ಡಬ್ಬಿ. ವಾಪಸು ತಂದು ಗಂಡ ಹೆಂಡತಿ ಇಬ್ಬರೇ ಎರಡು ದಿನ ತಿಂದರು.

ಆದರೂ ಸರೋಜಳಿಗೆ ಆ ಎರಡು ಕೋಣೆಯ ಮೇಲೆ ಪ್ರಾಣ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಐದಕ್ಕೆ ಗಂಡ ಮನೆಗೆ ಬರುತ್ತಿದ್ದ. ಇಬ್ಬರೂ ಕೂತು ಕಾಫಿ ಕುಡಿಯುತ್ತಿದ್ದರು. ಒಂದು ದಿನ ಅವನು ತನ್ನಷ್ಟಕ್ಕೆ ಗೋಡೆಗೆ ಮೊಳೆ ಹೊಡೆದು ಅವಳ ಕನ್ನಡಿ ನೇತುಹಾಕಿದ, ಅವಳು ಹೇಳದೆ. ಇಪ್ಪತ್ತೊಂದು ವರ್ಷಕ್ಕೆ ತನಗೊಬ್ಬ ಗಂಡ ಸಿಕ್ಕಿದ ಎಂದು ಫೋನಿನಲ್ಲಿ ಮಗಳ ಹತ್ತಿರ ಹೇಳಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಕೆಲಸದ ಮೊದಲ ದಿನವೇ ಒಂದು ಗಲಾಟೆ ಆಗಿತ್ತು. ನಾರ್ವೆಯ ಕೊನೆಗಾರರಿಗೆ ಎರಡು ಕಟ್ಟಳೆ. ಧರ್ಮಪ್ಪ ಮಾವ ತಳೆ ಕೊಡುವ ಮುಂಚೆ ಅವನ್ನು ಹೇಳಿಕೊಟ್ಟಿದ್ದ. ಮರ ಹತ್ತುವ ಮುಂಚೆ ಕೂಗಬೇಕು. ತೋಟದ ಮೇಲುಗಡೆಯೇ ಮನೆಗಳು, ಹಿತ್ತಿಲಲ್ಲಿ ತಟ್ಟಿ ಕಟ್ಟಿದ ಬಚ್ಚಲು. ಮೀಯುವವರು, ಬಟ್ಟೆ ಬದಲಿಸುವವರು, ಮಗುವಿಗೆ ಹಾಲು ಕೊಡುವವರು ಎಚ್ಚರಾಗಬೇಕು. ಇದು ಒಂದು. ಎಷ್ಟು ಕೂಗಿದರೂ ಏನಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ, ಹಾಗೆ ಬಿದ್ದದ್ದು ಮರದ ಮೇಲೇ ಇರಬೇಕು, ಕೊನೆಯ ಜೊತೆ ಕೆಳಗೆ ಇಳಿಯಬಾರದು. ಇದು ಎರಡನೆಯದು. ಎರಡನ್ನೂ ತಿಮ್ಮಪ್ಪ ಮೂವತ್ತು ವರ್ಷ ಮುರಿದವನಲ್ಲ. ಯಾರ ಮನೆಯ ಜಗಳ, ಯಾರ ಹಿತ್ತಿಲ ಕಳ್ಳಭಟ್ಟಿ, ಯಾರ ಗುಟ್ಟಿನ ಪ್ರೀತಿ, ಎಲ್ಲ ಅವನ ಹೊಟ್ಟೆಯಲ್ಲಿ ಕರಗಿಹೋಗಿದ್ದವು.

ಹಾಗಾಗಿ ಲೇಔಟಿನಲ್ಲೂ ಬೆಳಿಗ್ಗೆ ಏಳಕ್ಕೆ ಮೊದಲ ಮರದ ಬುಡದಲ್ಲಿ ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, "ಮರ ಹತ್ತುತ್ತೀನೋ..." ಎಂದು ಒಂದು ಕೂಗು ಹಾಕಿದ. ಕಣಿವೆಯ ಆಚೆಗೂ ಮುಟ್ಟಿಸುವ ಕೂಗು ಅದು. ಹದಿನಾರು ನಾಯಿ ಒಟ್ಟಿಗೆ ಬೊಗಳಿದವು. ಸೆಕ್ಯುರಿಟಿಯವರು ಲಾಠಿ ಹಿಡಿದು ಓಡಿಬಂದರು. ಯಾರೋ ಪುಣ್ಯಾತ್ಮರು ಪೊಲೀಸರಿಗೂ ಫೋನ್ ಮಾಡಿದರು.

ಸಂಘದ ಕಾರ್ಯದರ್ಶಿ ಜಯಪ್ರಕಾಶ್ ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಬಂದರು. ಬ್ಯಾಂಕಿನಿಂದ ನಿವೃತ್ತರು, ಕೆಟ್ಟವರೇನಲ್ಲ. ಲೇಔಟಿನ ನಿಯಮದ ಪುಸ್ತಕವನ್ನು ಸ್ವಂತ ಕೈಯಿಂದ ಬರೆದವರು, ಹೆತ್ತವರಿಗೆ ಹೆಗ್ಗಣ ಮುದ್ದು.

"ಏನ್ರೀ ಇದು? ಇಲ್ಲಿ ಜನ ಮಲಗಿರ್ತಾರೆ."

"ಮಲಗಿದ್ರೆ ಎದ್ದು ಪರದೆ ಹಾಕ್ಕೊಳ್ಳಲಿ ಅಂತಲೇ ಕೂಗೋದು ಸರ್. ಮೇಲಿಂದ ಮನೆ ಒಳಗೆಲ್ಲ ಕಾಣ್ತದೆ."

"ಅದಕ್ಕೆಲ್ಲ ವಾಟ್ಸಾಪ್ ಗ್ರೂಪ್ ಇದೆ. ಹಿಂದಿನ ದಿನ ನಾನು ಮೆಸೇಜ್ ಹಾಕ್ತೀನಿ. ನೀವು ಮಾತ್ರ ಕೂಗಬೇಡಿ."

ತಿಮ್ಮಪ್ಪನ ಮನಸ್ಸು ಒಪ್ಪಲಿಲ್ಲ. ಆದರೆ ಊರಿನಂತೆ ಇರಬೇಕಲ್ಲ. ಅಂದಿನಿಂದ ಕೂಗು ನಿಂತಿತು. ಗ್ರೂಪಿನಲ್ಲಿ ಮೆಸೇಜ್ ಬೀಳುತ್ತಿತ್ತು, ನಾಯಿಯ ಹೇಲು ತೆಗೆಯದವರು ಯಾರು ಎಂಬ ವಾಗ್ವಾದದಡಿ ಅದು ಹೂತುಹೋಗುತ್ತಿತ್ತು. ತಿಮ್ಮಪ್ಪ ತನ್ನಿಂದಾದಷ್ಟು ಎಚ್ಚರ ವಹಿಸಿದ. ಮನೆಗಳ ಕಡೆ ಬೆನ್ನು ಮಾಡಿ ಹತ್ತುತ್ತಿದ್ದ, ಸೋಗೆಯಿಂದ ಕಣ್ಣು ಕೀಳುತ್ತಿರಲಿಲ್ಲ. ಹೀಗೇ ಎಂಟು ತಿಂಗಳು ನಡೆಯಿತು.

ಒಂದು ಬುಧವಾರ ಬೆಳಿಗ್ಗೆ ಮೂವತ್ತೊಂದನೇ ನಂಬರಿನ ಮನೆಯ ಮುಂದಿನ ಮರ. ಸೋಗೆ ಅರ್ಧ ಕೊಯ್ದಾಗಿತ್ತು, ಗಾಳಿಗೆ ಗಿರಕಿ ಹೊಡೆಯಿತು. ಕೈಬಿಟ್ಟರೆ ಕೆಳಗಿನ ಕಾರಿನ ಗಾಜು ಪುಡಿ. ಅದನ್ನು ಹಿಡಿಯಲು ತಿಮ್ಮಪ್ಪ ಮರ ಸುತ್ತಿ ತಿರುಗಿದ. ಎದುರಿಗೆ, ಹತ್ತು ಅಡಿ ದೂರದಲ್ಲಿ, ಮೇಲಂತಸ್ತಿನ ಬಚ್ಚಲಿನ ಕಿಟಕಿ ತೆರೆದಿತ್ತು.

ಒಳಗೆ ಆ ಮನೆಯ ಸೊಸೆ ನಯನ ನೆಲದ ಮೇಲೆ ಕೂತಿದ್ದಳು. ಚೂಡಿದಾರ ತೊಟ್ಟಿದ್ದಳು, ಮೈತುಂಬ ಬಟ್ಟೆ. ನಲ್ಲಿ ಪೂರ್ತಿ ತಿರುಗಿಸಿ, ಬಕೆಟ್ ತುಂಬಿ ಹರಿಯಲು ಬಿಟ್ಟು, ವೇಲನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಮನೆಯವರಿಗೆ ಅಳು ಕೇಳದಿರಲಿ ಎಂದೇ ಆ ನೀರಿನ ಸದ್ದು. ತಿಮ್ಮಪ್ಪನಿಗೆ ಕಣ್ಣು ತಿರುಗಿಸಬೇಕೆಂದು ಹೊಳೆದು, ತಿರುಗಿಸುವ ಮುಂಚೆಯೇ ಅವಳು ತಲೆಯೆತ್ತಿದಳು. ಕಿಟಕಿಯಲ್ಲಿ ಗಂಡಸಿನ ಮುಖ ಕಂಡು ಕಿಟಾರನೆ ಕಿರುಚಿದಳು. ಗಂಡ ಪ್ರದೀಪ ಓಡಿಬಂದ. ಅವನು ಕಂಡದ್ದು ಮರದ ಮೇಲಿನ ಮನುಷ್ಯನನ್ನು, ತೆರೆದ ಕಿಟಕಿಯನ್ನು. ಅಷ್ಟು ಸಾಕಾಯಿತು.

ಮಧ್ಯಾಹ್ನದೊಳಗೆ ಸಂಘಕ್ಕೆ ಅವನ ದೂರು ಹೋಯಿತು: ಬಚ್ಚಲಿಗೆ ಇಣುಕುವವನನ್ನು ಲೇಔಟಿನಲ್ಲಿ ಇಟ್ಟುಕೊಳ್ಳಬಾರದು, ಒಂದು ವಾರದಲ್ಲಿ ಮನೆ ಖಾಲಿ ಮಾಡಿಸಬೇಕು. ಎಂಟು ತಿಂಗಳಿಂದ ಮರ ಹತ್ತುವ ಮೆಸೇಜನ್ನು ಯಾರೂ ಓದದ ಗ್ರೂಪಿನಲ್ಲಿ ಅವತ್ತು ಈ ದೂರನ್ನು ಎಲ್ಲರೂ ಓದಿದರು. ಸರೋಜ ರೊಟ್ಟಿ ಮಾಡಿಕೊಡಲು ಹೋಗುತ್ತಿದ್ದ ಎರಡು ಮನೆಯವರೂ ನಾಳೆಯಿಂದ ಬೇಡ ಎಂದರು. ಅವಳು ಬಂದು ಗಂಡನ ಎದುರು ಕೂತಳು.

"ನಿಜ ಹೇಳಿ ಮಾರಾಯ್ರೆ. ಎಂತ ನೋಡಿದ್ರಿ?"

"ಎಂತದೂ ಇಲ್ಲ."

"ಎಂತದೂ ಇಲ್ದೆ ಆ ಕೂಸು ಕಿರುಚ್ತದಾ?" ಅವರ ಕಡೆ ಎಳೆ ವಯಸ್ಸಿನ ಹೆಣ್ಣುಮಕ್ಕಳೆಲ್ಲ ಕೂಸೇ.

"ಸೋಗೆ ತಿರುಗಿತು, ನಾನೂ ತಿರುಗ್ದೆ. ಅಷ್ಟೇಯ."

"ನಾನು ನಂಬ್ತೀನಿ. ನಾನು ನಂಬಿದ್ರೆ ಮನೆ ಉಳೀತದಾ?" ಎಂದು ಅವಳು ಅಲ್ಲೇ ಕೂತು ಅತ್ತಳು. ಅವಳಿಗಾದರೂ ಹೇಳಿಬಿಡೋಣ ಎಂದು ತಿಮ್ಮಪ್ಪನ ನಾಲಗೆಯ ತುದಿಗೆ ಬಂತು. ಹೇಳಿದರೆ ಅವಳು ನೀಲಾಂಬಿಕೆಗೆ ಹೇಳುತ್ತಾಳೆ, ಅವರು ಜಯಪ್ರಕಾಶರಿಗೆ ಹೇಳುತ್ತಾರೆ, ಸಂಜೆಯೊಳಗೆ ಆ ಹುಡುಗಿ ನಲ್ಲಿ ಬಿಟ್ಟುಕೊಂಡು ಅಳುವುದು ಇನ್ನೂರು ಮನೆಗೆ ಗೊತ್ತಾಗುತ್ತದೆ. ಅವನು ಬಾಯಿ ಮುಚ್ಚಿಕೊಂಡ.

ಭಾನುವಾರ ಸಂಜೆ ನಾಲ್ಕಕ್ಕೆ ಕ್ಲಬ್ ಹೌಸಿನಲ್ಲಿ ಸಭೆ. ಒಂದು ಕಡೆ ಪ್ರದೀಪ, ಅವನ ತಾಯಿ, ನಡುವೆ ತಲೆತಗ್ಗಿಸಿ ನಯನ. ಇನ್ನೊಂದು ಕಡೆ ತಿಮ್ಮಪ್ಪ, ಸರೋಜ, ನೀಲಾಂಬಿಕೆ. ತಿಮ್ಮಪ್ಪ ಇಸ್ತ್ರಿ ಅಂಗಿ ಹಾಕಿದ್ದ. ಆ ಅಂಗಿಯನ್ನು ಅವನು ಹಾಕುವುದು ಮದುವೆಮನೆಗೆ ಮಾತ್ರ.

ಜಯಪ್ರಕಾಶ್ ದೂರು ಓದಿದರು. ಓದಿ ಮುಗಿಸುವ ಮುಂಚೆಯೇ ನೀಲಾಂಬಿಕೆ ಎದ್ದು ನಿಂತರು.

"ಒಂದು ಮಾತು ಕೇಳ್ತೀನಿ. ನಮ್ಮ ಕಡೆ ಕೊನೆಗಾರರು ಕೂಗದೆ ಮರ ಹತ್ತಲ್ಲ. ಇವನು ಬಂದ ದಿನ ಕೂಗಿದ್ದ. ಕೂಗಬೇಡ ಅಂದೋರು ಯಾರು?"

ಜಯಪ್ರಕಾಶ್ ಕನ್ನಡಕ ತೆಗೆದು ಒರೆಸಿದರು. "ನಾನೇ ಹೇಳಿದ್ದೆ ಮೇಡಂ. ಅದು ಬೇರೆ ವಿಚಾರ. ಈಗಿರೋ ಪ್ರಶ್ನೆ, ಇವರು ನೋಡಿದ್ರೋ ಇಲ್ವೋ."

"ನೋಡಿದ್ದಾನಲ್ಲ, ಅವನೇ ಹೇಳಲಿ," ಎಂದರು ಪ್ರದೀಪನ ತಾಯಿ. "ಅವಳನ್ನ ಕೇಳಿದ್ರೆ ನಾಲ್ಕು ದಿನದಿಂದ ಬಾಯೇ ಬಿಡ್ತಿಲ್ಲ. ಇವಳು ಒಳಗೆ ಏನು ಮಾಡ್ತಿದ್ಳು ಅಂತ ಹೇಳಲಿ, ನಿಜ ಸುಳ್ಳು ಗೊತ್ತಾಗುತ್ತೆ."

ಎಲ್ಲರೂ ತಿಮ್ಮಪ್ಪನ ಕಡೆ ತಿರುಗಿದರು. ಅವನು ನಯನಳ ಕೈ ನೋಡಿದ. ಬೆರಳುಗಳು ವೇಲಿನ ಅಂಚನ್ನು ಹಿಡಿದು ತಿರುಚುತ್ತಿದ್ದವು. ಒಂದೇ ಒಂದು ಮಾತು ಸಾಕಿತ್ತು: ಬಟ್ಟೆ ತೊಟ್ಟಿದ್ದರು, ಕೂತು ಅಳುತ್ತಿದ್ದರು. ಮಾನ ಉಳಿಯುತ್ತಿತ್ತು, ಮನೆ ಉಳಿಯುತ್ತಿತ್ತು, ಸರೋಜಳ ಕನ್ನಡಿ ಗೋಡೆಯ ಮೇಲೇ ಇರುತ್ತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಅದು ಅವನ ಮಾನಕ್ಕೂ ಸರಿ, ಆ ಹುಡುಗಿಯ ಮಾನಕ್ಕೂ ಸರಿ.

"ಅವರು ಎಂತ ಮಾಡ್ತಿದ್ರು ಅಂತ ನಾನು ನೋಡ್ಲಿಲ್ಲ," ಎಂದ ತಿಮ್ಮಪ್ಪ. ಅವನು ಬದುಕಿನಲ್ಲಿ ಸಭೆಯ ಮುಂದೆ ಆಡಿದ ಮೊದಲ ಸುಳ್ಳು ಅದು. "ಆದ್ರೆ ಕೂಗದೆ ಹತ್ತಿದ್ದು ತಪ್ಪು. ಯಾರು ಬೇಡ ಅಂದ್ರೂ ನಾನು ಕೂಗ್ಬೇಕಿತ್ತು. ತಪ್ಪು ನನ್ನದು ಅಂತ ಬರ್ಕೊಳ್ಳಿ ಸರ್. ಮನೆ ಬಿಡು ಅಂದ್ರೆ ಬಿಡ್ತೀವಿ."

ಸರೋಜ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಜಯಪ್ರಕಾಶ್ ಪೆನ್ನಿನ ಮುಚ್ಚಳ ತೆಗೆದರು. ಬರೆಯಬೇಕೋ ಬೇಡವೋ ಎಂದು ಒಂದು ಗಳಿಗೆ ತಡೆದರು.

"ಬರೀಬೇಡಿ," ಎಂದಳು ನಯನ.

ಧ್ವನಿ ಒಡೆದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ನಾನು ಬಟ್ಟೆ ಹಾಕ್ಕೊಂಡೇ ಇದ್ದೆ. ಕಿಟಕಿ ತೆಗೆದಿದ್ದೂ ನಾನೇ. ಇದ್ದಕ್ಕಿದ್ದ ಹಾಗೆ ಮುಖ ಕಾಣಿಸ್ತು, ಹೆದರಿ ಕಿರುಚಿದೆ. ಅವರು ಕೂಡಲೇ ಮುಖ ತಿರುಗಿಸಿದ್ರು. ಅವರದ್ದೇನೂ ತಪ್ಪಿಲ್ಲ."

"ಇದನ್ನ ಮೊದಲೇ ಹೇಳಬಾರದಿತ್ತಾ?" ಎಂದ ಪ್ರದೀಪ.

"ಏನು ಮಾಡ್ತಿದ್ದೆ, ಏನು ಮಾಡ್ತಿದ್ದೆ ಅಂತ ಅಷ್ಟೇ ಕೇಳಿದ್ರಿ ನೀವು. ಏನಾಗಿದೆ ಅಂತ ಯಾರು ಕೇಳಿದ್ರಿ?" ಎಂದು ಅವಳು ಎದ್ದು ಹೊರಗೆ ನಡೆದಳು. ಪ್ರದೀಪ ಅರೆಗಳಿಗೆ ಕೂತಿದ್ದು ಅವಳ ಹಿಂದೆ ಹೋದ.

ಸಭೆ ಅಲ್ಲಿಗೆ ಮುಗಿಯಿತು. ಜಯಪ್ರಕಾಶ್ ಪೆನ್ನು ಮುಚ್ಚಿ, ದೂರಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಬಾಗಿಲಲ್ಲಿ ತಿಮ್ಮಪ್ಪನನ್ನು ತಡೆದು, "ನಾಳೆಯಿಂದ ಕೂಗಿಯೇ ಹತ್ತಿ. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ," ಎಂದರು. ಪುಸ್ತಕ ಬರೆದವರು ತಮ್ಮದೇ ಸಾಲೊಂದನ್ನು ಹೊಡೆದುಹಾಕುವುದು ಸಣ್ಣ ಮಾತಲ್ಲ. ಮನೆ ಉಳಿಯಿತು.

ಸರೋಜ ಅಂದು ಪಾಯಸ ಮಾಡುತ್ತೇನೆಂದು ಹೊರಟಳು. ತಿಮ್ಮಪ್ಪ ಮಾತ್ರ ಕಾಫಿ ಲೋಟ ಹಿಡಿದು ಹೊಸ್ತಿಲಲ್ಲಿ ಕೂತೇ ಇದ್ದ. ಮನೆ ಉಳಿದದ್ದು ಅವನಿಗೆ ನೆಮ್ಮದಿ ತಂದಿರಲಿಲ್ಲ. ಧರ್ಮಪ್ಪ ಮಾವನ ಕಟ್ಟಳೆ ನಾರ್ವೆಗೆ ಸರಿ. ಅಲ್ಲಿ ಕೊನೆಗಾರ ಬಾಯಿ ಮುಚ್ಚಿಕೊಂಡರೂ ಅಳುವ ಮನೆಗೆ ಪಕ್ಕದ ಮನೆಯವರು ಸಂಜೆಯೊಳಗೆ ಬರುತ್ತಾರೆ. ಒಬ್ಬರು ಅನ್ನ ತರುತ್ತಾರೆ, ಒಬ್ಬರು ಜಗಲಿಯಲ್ಲಿ ಸುಮ್ಮನೆ ಕೂರುತ್ತಾರೆ. ಇಲ್ಲಿ ಆ ಹುಡುಗಿಯ ಅಳು ಕಂಡವನು ತಾನೊಬ್ಬನೇ. ತಾನೂ ಬಾಯಿ ಮುಚ್ಚಿಕೊಂಡರೆ ಅವಳಿಗೆ ನಲ್ಲಿಯ ನೀರೇ ಗತಿ.

"ಸರೋಜ."

"ಎಂತ?"

"ಪಾಯಸ ಆಮೇಲೆ ಮಾಡು. ಆ ಮೂವತ್ತೊಂದನೇ ಮನೆಗೆ ಒಂದು ಸಲ ಹೋಗಿ ಬಾ."

"ಎಂತಕ್ಕೆ? ಗೋಡೆ ಡಬ್ಬಿ ಹತ್ರ ಮಾತಾಡಕ್ಕಾ?"

"ಡಬ್ಬಿ ಎಂತಾದ್ರೂ ಹೇಳಲಿ. ನೀನು ಬಾಗಿಲು ತೆಗೆಯೋ ತನಕ ನಿಂತ್ಕ. ಆ ಕೂಸಿನ ಹತ್ರ ಕೂತ್ಕಂಡ್ ಬಾ ಮಾರಾಯ್ತಿ."

ಸರೋಜ ಅವನ ಮುಖ ನೋಡಿದಳು. ಇಪ್ಪತ್ತೊಂದು ವರ್ಷದಲ್ಲಿ ಅವನು ಯಾರ ಮನೆಗೂ ಹೀಗೆ ಅವಳನ್ನು ಅಟ್ಟಿದವನಲ್ಲ. ಒಲೆ ಆರಿಸಿ, ಕೈ ಒರೆಸಿಕೊಂಡು, ಒಂದು ಮಾತೂ ಕೇಳದೆ ಹೊರಟಳು.

ಬಂದದ್ದು ಒಂದೂವರೆ ಗಂಟೆ ಬಿಟ್ಟು. ಬಂದವಳು ಗಂಡನ ಪಕ್ಕ ಹೊಸ್ತಿಲಲ್ಲೇ ಕೂತಳು. ಅವಳ ಹೆಗಲ ಮೇಲೆ ಸೀರೆ ಒದ್ದೆಯಾಗಿತ್ತು.

"ಏಳು ತಿಂಗಳಾಗಿತ್ತಂತೆ. ಹೊಟ್ಟೇಲೇ ಹೋಯ್ತಂತೆ, ಹೋದ ತಿಂಗಳು. ಹೆಣ್ಣು ಮಗು," ಎಂದಳು. "ಅತ್ತರೆ ಮೈಗೆ ಆಗಲ್ಲ, ಮರೆತುಬಿಡು ಅಂತಾರಂತೆ ಮನೇಲಿ. ಒಬ್ಬರೂ ಆ ಮಾತೇ ಎತ್ತಲ್ವಂತೆ. ನಾನು ಎಂತದೂ ಕೇಳ್ಲಿಲ್ಲ ಮಾರಾಯ್ರೆ. ಪಕ್ಕ ಕೂತೆ ಅಷ್ಟೇ. ನಂಗೇನೋ ಎಲ್ಲಾ ಗೊತ್ತು ಅಂದ್ಕೊಂಡು ಹೇಳ್ತಾ ಹೋಯ್ತು."

ತಿಮ್ಮಪ್ಪ ಲೋಟ ಕೆಳಗಿಟ್ಟ.

"ನಿಮಗೆ ಹೆಂಗೆ ಗೊತ್ತಾತು ಅಂತ ನಾನು ಕೇಳಲ್ಲ," ಎಂದಳು ಸರೋಜ. "ನಾಳೆ ಗಂಜಿ ಮಾಡ್ಕೊಂಡು ಹೋಗ್ತೀನಿ. ಆ ಕೂಸು ಬೆಳಿಗ್ಗಿಂದ ಎಂತದೂ ತಿಂದಿಲ್ಲ."